ಅಪ್‌ಡೇಟ್: ಸೆಕೆಂಡ್ ಹ್ಯಾಂಡ್ ಬೈಕಿನ ಕಟಕಟ ಸದ್ದು ಹೋಯಿತು

ಹೋದ ವಾರ ಕೇಳಿದ್ದೆ: ಮಂಡ್ಯದಲ್ಲಿ 150 ಸಿಸಿಯ ಹಳೇ ಬೈಕ್ ತಗೊಂಡಿದ್ದೇನೆ, ನಿಧಾನಕ್ಕೆ ಓಡಿಸಿದರೆ ಹಿಂದಿನಿಂದ ಕಟಕಟ ಅನ್ನುತ್ತೆ, ಮೊದಲು ಏನು ನೋಡಿಸಲಿ ಅಂತ. ಚೈನು, ಟೈರು, ಆಯಿಲ್ ಅಂದಿರಿ. ಥ್ಯಾಂಕ್ಸ್.

ಸದ್ದು ಚೈನಿನದ್ದೇ. ಕೆಳಗಿನಿಂದ ಬೆರಳಲ್ಲಿ ಎತ್ತಿ ನೋಡಿದೆ. ಚೈನು ಮೇಲೆ ಕೆಳಗೆ ಆಡುವ ಸಡಿಲ ಮ್ಯಾನ್ಯುಯಲ್‌ನಲ್ಲಿ 20ರಿಂದ 30 ಮಿ.ಮೀ. ಅಂತಿದೆ, ನಮ್ಮದು 50 ದಾಟಿತ್ತು. ಚಕ್ರ ತಿರುಗಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು. ಮೆಕ್ಯಾನಿಕ್ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ತೋರಿಸಿ, "ಹಲ್ಲು ನೋಡಿ ಸಾ, ಗರಗಸ ಆಗೋಗದೆ" ಅಂದರು. ಚೈನೊಂದನ್ನೇ ಹಾಕಿದರೆ ಹಳೇ ಹಲ್ಲು ಅದನ್ನೂ ಬೇಗ ತಿಂದುಹಾಕುತ್ತೆ. ಹಾಗಾಗಿ ಎರಡೂ ಸ್ಪ್ರಾಕೆಟ್ ಸೇರಿಸಿ ಪೂರ್ತಿ ಕಿಟ್ ಹಾಕಿಸಿದೆ.

ಹಿಂದಿನ ಟೈರಿನ ಪಕ್ಕದಲ್ಲಿ 2315 ಅಂತಿತ್ತು. 2015ರ 23ನೇ ವಾರದ್ದು! ಗ್ರಿಪ್ ನೋಡಿ ಚೆನ್ನಾಗಿದೆ ಅಂದುಕೊಂಡಿದ್ದೆ, ಬಗ್ಗಿ ನೋಡಿದರೆ ರಬ್ಬರೆಲ್ಲ ಬಿರುಕು. ಅದೂ ಹೊಸದಾಯಿತು. ಆಯಿಲ್, ಬ್ರೇಕ್ ಫ್ಲೂಯಿಡ್ ಸುಮ್ನೆ ಯೋಚನೆ ಮಾಡದೆ ಬದಲಾಯಿಸಿದೆ.

ನಿನ್ನೆ ಶ್ರೀರಂಗಪಟ್ಟಣದವರೆಗೂ ಹೋಗಿ ಬಂದೆ. ಸರ್ವೀಸ್ ರಸ್ತೆಯಲ್ಲೇ, ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ ಅಲ್ವಾ. ಸದ್ದೇ ಇಲ್ಲ. ಆರ್‌ಸಿ ಮಾತ್ರ ಇನ್ನೂ ಹಳೇ ಓನರ್ ಹೆಸರಲ್ಲಿದೆ. ಸೋಮವಾರ ಫಾರಂ 29, 30 ಹಿಡಿದು ಆರ್‌ಟಿಒಗೆ ಹೋಗಬೇಕು.