ಸಭೆಯ ಮಂದಿ ಚರ್ಚಿಗೆ ಯಾರನ್ನೂ ಕರಿಯೂದಿಲ್ಲ, ಹುರುಪು ತುಂಬೂದು ಹೆಂಗ?

ನೂಲಿನಂಗಡಿ, ಗುಳೇದಗುಡ್ಡ

ಎಲ್ಲಾರಿಗೂ ವಂದನೆ. ಈ ವರ್ಷ ನಮ್ಮ ಚರ್ಚಿನ ಸಭಾ ಕಮಿಟಿಯ ಕಾರ್ಯದರ್ಶಿ ಕೆಲಸ ನನ್ನ ಕೊಳ್ಳಿಗೆ ಬಿದ್ದೈತಿ. ಊರಾಗ ನಂದು ನೂಲಿನ ಅಂಗಡಿ, ಖಣ ನೇಯುವವರು ನನ್ನ ಗಿರಾಕಿ. ಸಭೆ ದೊಡ್ಡದೇನಲ್ಲ, ಅರವತ್ತು ಮನಿ. ಬಾಸೆಲ್ ಮಿಷನ್ನಿನ ಪಾದ್ರಿಗಳು 1850ರ ಸುಮಾರಿಗೆ ನಮ್ಮೂರಿಗೆ ಬಂದ ಕಾಲದಿಂದ ಅವವೇ ಮನಿತನಗಳು. ಯಾರ ಹೆಂಡ್ತಿ ಯಾವ ಬೆಂಚಿನ್ಯಾಗ ಕೂಡತಾರಂತ ಕಣ್ಣು ಮುಚ್ಚಿ ಹೇಳಬಹುದು.

ಹೋದ ಕ್ರಿಸ್‌ಮಸ್ಸಿಗೆ ಮುಂಚೆ ಅಯ್ಯನವರು (ನಮ್ಮ ಪಾದ್ರಿ) ಬೈಬಲ್ಲಿನ ಯೋಹಾನ 1:46ರ ಮ್ಯಾಲೆ ಮೂರು ಐತವಾರ ಪ್ರಸಂಗ ಮಾಡಿದ್ರು. ಯೇಸುವಿನ ಶಿಷ್ಯ ಫಿಲಿಪ್ಪ, ಅನುಮಾನ ಪಟ್ಟ ನತಾನಯೇಲನ ಜೋಡಿ ವಾದಕ್ಕ ಇಳೀಲಿಲ್ಲ, ‘ಬಂದು ನೋಡು’ ಅಂದ, ಅಷ್ಟ. ನೀವೂ ಹಂಗ ಅನ್ರಿ, ಮನಿಗೊಬ್ಬರನ್ನ ಕರಕೊಂಡು ಬರ್ರಿ ಅಂದ್ರು. ಎಲ್ಲಾರೂ ಗೋಣು ಹಾಕಿದ್ರು. ನಾ ಬಾಗಲಕೋಟಿಗೆ ಹೋಗಿ ಕರಿಯಾಕಂತ ಬಂಗಾರದಂಚಿನ 300 ಕಾರ್ಡ್ ಹಾಕಿಸ್ಕೊಂಡು ಬಂದೆ. ಹಬ್ಬದ ದಿನ ಹೊಸಬರು ಬಂದದ್ದು ಮೂರು ಮಂದಿ. ಅದರಾಗ ಒಬ್ಬ ಮೈಕ್ ಸೆಟ್ಟಿನಂವ. ಅಂವ ಬಾಡಿಗಿಗೆ ಬಂದಾಂವ!

ಜನವರಿಯಾಗ ಕಪಾಟು ಸ್ವಚ್ಛ ಮಾಡೂವಾಗ ಕಾರ್ಡೆಲ್ಲಾ ಗೀತೆಗಳ ಪುಸ್ತಕದಾಗ ಸಿಕ್ಕವು, ಗುರುತಿಗೆ ಇಟ್ಟಿದ್ರು. ಒಂದರ ಹಿಂದ ಕಿರಾಣಿ ಯಾದಿ ಇತ್ತು: ಬೆಲ್ಲ, ಶೇಂಗಾ, ಸಾಬಾಣ.

ಮಂದಿ ಮ್ಯಾಲೆ ದೂರು ಹೇಳೂಕಿಂತ ಮೊದಲ ನಂದ ಹೇಳಿಬಿಡತೀನಿ. ನಾನೂ ಯಾರನ್ನೂ ಕರೀಲಿಲ್ಲ. ನನ್ನ ಬಾಜೂಕ ಬಣ್ಣದಂಗಡಿ ಐತಿ. ಆ ಅಂಗಡಿಯಾಂವ ಮತ್ತ ನಾ ಹನ್ನೊಂದು ವರ್ಷದಿಂದ ಒಂದ ಚಾ ಎರಡು ಮಾಡ್ಕೊಂಡು ಕುಡಿಯಾವ್ರು. ಬನದ ಹುಣ್ಣಿಮೆ ಬಂತಂದ್ರ ಬನಶಂಕರಿ ಜಾತ್ರಿಗೆ ಅವನ ಗಾಡಿ ಮ್ಯಾಲ ಹೋಗತೀನಿ, ರಾತ್ರಿ ನಾಟಕ ಮುಗಿಸ್ಕೊಂಡ ಬರತೀವಿ. ನನ್ನ ಕರಿಯಾಕ ಅಂವ ಒಂದಿನಾನೂ ವಿಚಾರ ಮಾಡಿದಾಂವಲ್ಲ. ‘ಏಳಕ್ಕ ತಯಾರಿರು’ ಅಂತಾನ, ಮುಗೀತು. ನನ್ನ ಕಾರ್ಡ್ ಮಾತ್ರ ಎಂಟು ದಿನ ಗಲ್ಲಾಪೆಟ್ಟಿಗ್ಯಾಗ ಇತ್ತು. ತಗದು ಕೊಡಬೇಕು ಅನ್ನೂದ್ರಾಗ ಬಾಯಿ ಒಣಗತಿತ್ತು.

ಬರೋ ತಿಂಗಳ ನಮ್ಮಲ್ಲೆ ಬೆಳೆ ಹಬ್ಬ. ಆರಾಧನೆ ಮುಗದ ಮ್ಯಾಲ ಕಾಣಿಕೆಗೆ ಬಂದ ಕಾಯಿಪಲ್ಲೆ, ಜೋಳ, ಕೋಳಿ ಎಲ್ಲಾ ಲಿಲಾವ ಹಾಕತೀವಿ. ಕರಿಯಾಕ ಅದಕ್ಕಿಂತ ಚಲೋ ದಿನ ಇಲ್ಲ. ಮಂದೀನ ಹೆಂಗ ಎಬ್ಬಸೂದು ಹೇಳ್ರಿ. ಇನ್ನೊಂದು ಪ್ರಸಂಗ ಮಾಡಸ್ರಿ ಅಂತ ಮಾತ್ರ ಹೇಳಬ್ಯಾಡ್ರಿ.

ನಿವೃತ್ತ ನರ್ಸ್, ವಿಜಯಪುರ

ತಮ್ಮಾ, ನಿನ್ನ ಕಾರ್ಡಿನ ತಪ್ಪಲ್ಲ ಅದು. ‘ಮನಿಗೊಬ್ಬರು’ ಅಂದ ಮಾತಿನ ತಪ್ಪು.

ನಾನು ನೌಕರಿಗೆ ಸೇರಿದ ಕಾಲಕ್ಕೆ ಕುಟುಂಬ ಯೋಜನೆಗೆ ಟಾರ್ಗೆಟ್ ಇತ್ತು. ವರ್ಷಕ್ಕೆ ಇಷ್ಟು ಆಪರೇಷನ್ ಕೇಸು ತರಲೇಬೇಕು. ಮಾರ್ಚ್ ಬಂತಂದ್ರ ನಾವು ಓಣಿಗೆ ಕಾಲಿಟ್ಟರೆ ಸಾಕು, ಹೆಣ್ಣುಮಕ್ಕಳು ಹಿತ್ತಲ ಬಾಗಿಲಿಂದ ಹೊರಗೆ. ಕೂಸಿಗೆ ಜ್ವರ ಬಂದಿದ್ದರೂ ನಮ್ಮನ್ನು ಕರೀತಿರಲಿಲ್ಲ. ಕರೆದರೆ ಆಮೇಲೆ ಆಪರೇಷನ್ ಮಾತು ತೆಗೀತೀವಿ ಅಂತ ಅಂಜಿಕೆ. 1996ರಲ್ಲಿ ಸರ್ಕಾರ ಆ ಟಾರ್ಗೆಟ್ ಪದ್ಧತಿ ಕೈಬಿಟ್ಟಿತು. ಓಣಿ ಮಂದಿ ನಮ್ಮನ್ನ ಒಳಗ ಕರದು ಕೂಡಿಸಿ ಚಾ ಕೊಡೋದು ಮತ್ತೆ ಶುರುವಾಗಲಿಕ್ಕೆ ಅದರ ಮೇಲೂ ಎರಡು ವರ್ಷ ಹಿಡಿಯಿತು. ಸಭೆಯಲ್ಲಿ ‘ಒಬ್ಬರನ್ನ ತರ್ರಿ’ ಅಂತ ಕೇಳಿದಾಗೆಲ್ಲ ನನಗೆ ಆ ಮಾರ್ಚ್ ತಿಂಗಳೇ ನೆನಪಾಗತದ. ಕೇಸು ತರೋದು, ನೆರೆಯವರನ್ನ ಕರೆಯೋದು ಎರಡೂ ಒಂದೇ ಅಲ್ಲ. ನಿನ್ನ ಬಾಯಿ ಒಣಗಿದ್ದು ಅದಕ್ಕೇ ಇರಬೇಕು. ಬಣ್ಣದಂಗಡಿಯವ ಒಮ್ಮೆಲೇ ನಿನ್ನ ಕಣ್ಣಿಗೆ ಕೇಸಾಗಿ ಕಂಡ.

ಇನ್ನೊಂದು ಹಳೆಯ ಗುಟ್ಟು. ನಮ್ಮ ಕಡೆ ಮಿಷನ್ ಕಾಲದಲ್ಲಿ ಕರೆಯೋ ಕೆಲಸಕ್ಕೆ ಪಗಾರದ ಮಂದಿ ಇದ್ದರು. ಉಪದೇಶಿಗಳು ಸಂತೆ, ಜಾತ್ರೆ ತಿರುಗುತ್ತಿದ್ದರು. ಬೈಬಲ್ ಹೆಂಗಸರು ಮನೆಮನೆಗೆ ಹೋಗುತ್ತಿದ್ದರು. ಸಭೆಯವರು ಬೆಂಚಿನ ಮೇಲೆ ಕೂತರೆ ಸಾಕಿತ್ತು. ಹಲವು ಮಿಷನ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆಗಿದ್ದು 1947ರಲ್ಲಿ, ಆದರೆ ಕರೆಯೋದು ಬೇರೆ ಯಾರದೋ ಕೆಲಸ ಅನ್ನೋ ರೂಢಿ ಇನ್ನೂ ಬಿಟ್ಟಿಲ್ಲ. ಈಗ ಆ ‘ಬೇರೆ ಯಾರೋ’ ಅಂದರೆ ಅಯ್ಯನವರು.

ನಮ್ಮ ಮಹಿಳಾ ಸಂಘದಲ್ಲಿ ಮಾಡಿದ್ದು ಇಷ್ಟು: ಒಂದು ಶನಿವಾರ ಇಬ್ಬಿಬ್ಬರು ಎದುರುಬದುರು ಕೂತು ಕರೆಯೋ ಮಾತು ಬಾಯಿಬಿಟ್ಟು ಆಡಿದೆವು. ನಕ್ಕು ನಕ್ಕು ಹೊಟ್ಟೆ ಹುಣ್ಣಾತು. ಒಬ್ಬಾಕೆ ತನ್ನ ಪಾಲಿನ ‘ನೆರೆಯಾಕಿ’ಗೆ ಬೈಬಲ್ಲಿನ ಮೊದಲಿನ ಸೃಷ್ಟಿಯಿಂದ ಶುರುಮಾಡಿ ಕಡೆಯ ಪುಸ್ತಕ ‘ಪ್ರಕಟನೆ’ಯ ತನಕ ಹೇಳಿದಳು! ಕಡೆಗೆ ಉಳಿದ ಮಾತು ಒಂದೇ ಸಾಲಿನದು: ‘ಐತವಾರ ನಮ್ಮ ಚರ್ಚಿನ್ಯಾಗ ಹಬ್ಬ ಅದ, ಒಂಬತ್ತೂವರೆಗೆ, ನಾ ನಿಮ್ಮ ಬಾಗಿಲಿಗೆ ಬರ್ತೀನಿ, ಇಬ್ಬರೂ ಕೂಡಿ ಹೋಗೋಣ.’ ನಾನು ಆರು ಮಂದಿಗೆ ಹೇಳಿದೆ, ಇಬ್ಬರು ಬಂದರು. ಬಾರದ ನಾಲ್ವರ ಮನೆಗೂ ಮೊದಲಿನ ಹಂಗೇ ಹೋಗಿ ಬರತೀನಿ.

ಕ್ಯಾಂಪಿನವ, ಬೆಳಗಾವಿ

ಅಕ್ಕನವರು ಹೇಳಿದ್ದು ಖರೆ, ಆದರೆ ಅಂಜಿಕೆಯ ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮತಾಂತರ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು ನಮ್ಮೂರಿನ ಸುವರ್ಣಸೌಧದಲ್ಲೇ, 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು. ನಮ್ಮವ್ವ ಇಪ್ಪತ್ತು ವರ್ಷದಿಂದ ಪಕ್ಕದ ಮನೆಗೆ ಫರಾಳದ ತಾಟು ಕಳಿಸುತ್ತಿದ್ದವಳು ಆ ವರ್ಷ ಕಳಿಸಲಿಲ್ಲ. ‘ಯಾರರ ಏನರ ಅಂದ್ರ?’ ಅಂದಳು. ಮೂರನೇ ದಿನ ಪಕ್ಕದ ಮರಾಠಿ ಆಯಿ ಬಂದು, ‘ಯಾಕವ್ವಾ, ಈ ಸಲ ಚಕ್ಕಲಿ ಸುಟ್ಟು ಹೋದ್ವೇನು?’ ಅಂದರು.

ನಿಮ್ಮ ಸಭೆಯವರಿಗೆ ಕಾಯ್ದೆಯ ಮಾತನ್ನೂ ಬಿಡಿಸಿ ಹೇಳಿ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. 2022ರ ರಾಜ್ಯದ ಕಾಯ್ದೆ ಹಿಡಿಯುವುದು ಬಲವಂತ, ಮೋಸ, ಆಮಿಷದಂಥವುಗಳನ್ನು. ಅದನ್ನು ಹಿಂಪಡೆಯಲು ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನ ಮಾಡಿದ್ದೂ ನಿಮಗೆ ಗೊತ್ತಿರಬೇಕು. ನೆರೆಯವರನ್ನು ಹಬ್ಬಕ್ಕೆ ಕರೆದ ಮಾತ್ರಕ್ಕೆ ಅದು ಮತಾಂತರ ಆಗುವುದಿಲ್ಲ. ಆದರೆ ಕರೆಯುವ ಬಾಯಲ್ಲೇ ಸೀರೆ, ಮಕ್ಕಳ ಫೀಜು, ‘ಬಂದರೆ ಕಾಯಿಲೆ ವಾಸಿಯಾಗ್ತದ’ ಇವೆಲ್ಲ ಬರಬಾರದು. ಕಾಯ್ದೆ ಇರಲಿ ಬಿಡಲಿ, ಅಂಥ ಮಾತು ಸೇರಿಸಿ ಕರೆಯುವುದು ನನಗೆ ಹೇಸಿಗೆ.

ಅಂದಹಾಗೆ ಕಾರ್ಡಿನಲ್ಲಿ ‘ಬಂದವರಿಗೆ ಉಡುಗೊರೆ’ ಅಂತ ಹಾಕಿಸಿಲ್ಲ ತಾನೆ?

ಕರೆಸಿಕೊಂಡಾಂವ, ಬಾದಾಮಿ

ನಾ ಕ್ರಿಶ್ಚನ್ ಅಲ್ರಿ. ಹುಡುಕಾಕ ಬಂದದ್ದು ಬ್ಯಾರೆ, ಓದಿ ನಿಂತೆ. ಕರೆಸಿಕೊಂಡಾಂವನ ಕಡೀದೂ ಒಂದ್ ಮಾತು ಕೇಳ್ರಿ.

ಜೋಡಿ ಕೆಲಸ ಮಾಡೂ ದೋಸ್ತ ಬ್ಯಾರೆ ಊರಿನ ಅವರ ಚರ್ಚಿಗೆ ಇಂಥಾದ ಲಿಲಾವಕ್ಕ ಕರದ. ಹೋದೆ. ಹಾಡು ಚಲೋ ಇದ್ವು, ಯಾವಾಗ ಏಳೂದು ಯಾವಾಗ ಕೂಡೂದು ತಿಳೀಲಿಲ್ಲ, ಮುಂದಿನ ಮುದುಕಪ್ಪನ್ನ ನೋಡ್ಕೋಂತ ಎದ್ದೆ ಕುಂತೆ. ಕಾಣಿಕೆ ಚೀಲ ಬಂದಾಗ ಕಿಸೆದಾಗ ಐದುನೂರರ ನೋಟು ಒಂದ ಇತ್ತು, ಅದನ್ನ ಹಾಕಬೇಕೋ ಬ್ಯಾಡೋ ಅಂತ ಎದಿ ಹೊಡಕೊಂಡ್ತು. ದೋಸ್ತ ಪಿಸುಮಾತಿನ್ಯಾಗ ‘ನಿಂಗಲ್ಲ, ಮುಂದ ದಾಟಸು’ ಅಂದ. ಅವತ್ತು ಅಂವ ಬಾಜೂಕ ಇದ್ದದ್ದಕ್ಕ ಬಚಾವಾದೆ. ಆಮ್ಯಾಲ ಲಿಲಾವದಾಗ ಹಟಕ್ಕ ಬಿದ್ದು ಒಂದ್ ಕುಂಬಳಕಾಯಿ 450 ರೂಪಾಯಿಗೆ ಹಿಡದೆ. ಮನ್ಯಾಗ ಬೈಸ್ಕೊಂಡೆ. ಖರೇ ಹೇಳ್ತೀನಿ, ಅಂಥಾ ಮಜಾ ವರ್ಷದಾಗ ಬಂದಿರಲಿಲ್ಲ.

ಮತ್ತೊಂದ್ ಐತವಾರ ನನ್ನಷ್ಟಕ್ಕ ನಾನ ಹೋದೆ. ದೋಸ್ತ ಇರಲಿಲ್ಲ. ಹೊಸಬರು ಎದ್ದು ನಿಲ್ರಿ ಅಂದ್ರು. ಮೈಕ್ ತಂದ್ರು, ಹೆಸರು ಹೇಳಿಸಿದ್ರು, ಚಪ್ಪಾಳಿ ಹೊಡದ್ರು, ವಹಿಯಾಗ ನಂಬರ ಬರಕೊಂಡ್ರು. ಆ ವಾರ ನಾಕು ಫೋನು. ಮುಂದ ನಾ ಹೋಗಲಿಲ್ಲ. ದೋಸ್ತನ ಮಗಳ ಲಗ್ನ ಅದ ಚರ್ಚಿನ್ಯಾಗ ಅಂದ್ರ ನಾಳೆ ಹೋಗತೀನಿ.

ನೂಲಿನಂಗಡಿ, ಗುಳೇದಗುಡ್ಡ

ಎಲ್ಲಾರಿಗೂ ದೊಡ್ಡ ಥ್ಯಾಂಕ್ಸ್. ಉಡುಗೊರೆ ಹಾಕಿಸಿಲ್ಲ ಸರ್, ದೇವರಾಣಿ. ಕಾರ್ಡ ಈ ಸಲ ಹಾಕಿಸೂದಿಲ್ಲ.

ಬಾದಾಮಿಯವರ ಮಾತನ್ನ ನಿನ್ನೆ ಕಮಿಟಿಯಾಗ ಹಂಗಂದ್ರ ಹಂಗ ಓದಿದೆ. ನಮ್ಮಲ್ಲೂ ಹೊಸಬರನ್ನ ನಿಲ್ಲಸೂ ರೂಢಿ ಐತಿ. ಒಬ್ಬ ಹಿರಿಯರಿಗೆ ಸಿಟ್ಟು ಬಂತು: ‘ಮನಿಗೆ ಬಂದವರನ್ನ ಯಾರು ಏನು ಅಂತ ಮಾತಾಡಿಸದಿದ್ರ ಅದು ಯಾವ ಮರ್ಯಾದಿ?’ ಅಂದ್ರು. ಅವರ ಮಾತಿನ್ಯಾಗೂ ಹುರುಳೈತಿ. ಒಂದ ತಾಸು ಜಗ್ಗಾಡಿ, ಮೈಕ್ ಬ್ಯಾಡ, ವಹಿ ಬ್ಯಾಡ, ಚಾ ಕುಡಿಯೂವಾಗ ಮಾತಾಡಸೂದು, ಕರದಾವ್ರು ಬಾಜೂಕ ಕುಂತು ಹಾಡಿನ ನಂಬರ ತಗದು ಕೊಡೂದು ಅಂತ ಆತು. ತೊಡಕು ಏನಂದ್ರ, ಹಾರ್ಮೋನಿಯಂ ನುಡಸಾಂವ ನಾನ. ನಾ ಪೆಟಿಗಿ ಮುಂದ ಕುಂತ್ರ ನನ್ನ ದೋಸ್ತನ ಬಾಜೂಕ ಯಾರು? ಆ ಐತವಾರ ಮಾತ್ರ ನನ್ನ ಮಗಳು ನುಡಸ್ತಾಳ. ಎರಡು ಹಾಡು ಈಗಾಗಲೇ ಕಲತಾಳ, ಮೂರನೇದು ಇನ್ನೂ ಎಡವತಾಳ.

ಇವತ್ತು ಮುಂಜಾನೆ ಚಾ ಹೀರ್ಕೋಂತ, ‘ಇಪ್ಪತ್ತನೇ ತಾರೀಖು ನಮ್ಮ ಚರ್ಚಿನ್ಯಾಗ ಬೆಳೆ ಹಬ್ಬ, ಒಂಬತ್ತಕ್ಕ ತಯಾರಿರು’ ಅಂದೆ. ಒಂದ ಗುಟುಕು ಚಾ ಒಳಗಿಳಿಯೂ ತನಕ ಸುಮ್ನಿದ್ದ. ‘ಚಪ್ಪಲ್ ಹೊರಗೋ, ಒಳಗ ನಡೀತೈತೋ?’ ಅಂತ ಕೇಳಿದ.

ಹೊರಗ ಅಂದೆ.

‘ಹಂಗಾರ ಹಳೇವು ಹಾಕ್ಕೊಂಡ ಬರತೀನಿ’ ಅಂದ.