ಹೆಡ್‌ಫೋನ್ ಕಂಪನಿಗಳು ನಿಮ್ಮನ್ನು ಹೇಗೆ ಬುಟ್ಟಿಗೆ ಹಾಕಿಕೊಂಡವು? ಅನುಭವ ಹೇಳಿ

ಮೂರು ಹೆಡ್‌ಫೋನಿನ ಒಡೆಯ:

ನಮಸ್ಕಾರ ಎಲ್ಲರಿಗೂ. ಎರಡು ವರ್ಷದಲ್ಲಿ ಮೂರು ಹೆಡ್‌ಫೋನ್ ಕೊಂಡಿದ್ದೇನೆ. ಮೊದಲನೆಯದು ಒಬ್ಬ ಆಟಗಾರನ ಕೊರಳಲ್ಲಿ ಚೆನ್ನಾಗಿ ಕಂಡಿತ್ತು. ಎರಡನೆಯದರ ಡಬ್ಬದ ಮೇಲೆ ಚಿನ್ನದ ಬಣ್ಣದ ಒಂದು ಚೀಟಿ ಇತ್ತು. ಮೂರನೆಯದನ್ನು ಯಾಕೆ ಕೊಂಡೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ರಾತ್ರಿ ಒಂದರ ಮೇಲೊಂದು ವಿಡಿಯೊ ನೋಡುತ್ತಿದ್ದೆ, ಬೆಳಗ್ಗೆ ಎದ್ದಾಗ ಆರ್ಡರ್ ಆಗಿತ್ತು. ಯಾವುದೂ ಕೆಟ್ಟಿಲ್ಲ. ಮೂರೂ ಮೇಜಿನ ಮೇಲೆ ಸಾಲಾಗಿ ಕೂತಿವೆ. ಈಗ ನಾಲ್ಕನೆಯದರ ಜಾಹೀರಾತು ಹೋದಲ್ಲೆಲ್ಲ ಬೆನ್ನು ಹತ್ತಿದೆ.

ಈ ಕಂಪನಿಗಳು ನಮ್ಮನ್ನು ಒಲಿಸಿಕೊಳ್ಳುವುದು ಹೇಗೆ? ನೀವು ಎಲ್ಲಿ ಬಿದ್ದಿರಿ, ಹೇಗೆ ಎದ್ದಿರಿ? ಇದೇ ಕೆಲಸದಲ್ಲಿ ಇದ್ದವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ಕೌಂಟರ್ ಹಿಂದಿದ್ದವ:

ನಾನಿದ್ದೆ. ಆರು ವರ್ಷ ಆಡಿಯೊ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದೆ. ಈಗ ಹೇಳುವುದೆಲ್ಲ ನಾನೇ ಕೈಯಾರೆ ಮಾಡಿದ್ದು, ಹಾಗಾಗಿ ಸ್ವಲ್ಪ ನಾಚಿಕೆಯೂ ಇದೆ.

ಮೊದಲನೇ ಪಾಠ ವಾಲ್ಯೂಮ್. ಎರಡು ಸ್ಪೀಕರ್ ಅಕ್ಕಪಕ್ಕ ಇಟ್ಟು ಕೇಳಿಸುವಾಗ, ಮಾರಬೇಕಾದ್ದನ್ನು ಒಂದು ಕೂದಲೆಳೆ ಜಾಸ್ತಿ ಇಡಬೇಕು. ಒಂದು ಡೆಸಿಬಲ್ ಆಸುಪಾಸು ಸಾಕು. ಗಿರಾಕಿ ಯಾವತ್ತೂ 'ಇದರ ಸದ್ದು ಜೋರು' ಅನ್ನುವುದಿಲ್ಲ. 'ಇದರಲ್ಲಿ ಎಲ್ಲ ಬಿಡಿಬಿಡಿಯಾಗಿ ಕೇಳುತ್ತೆ, ಬೇಸ್ ತುಂಬಿಕೊಂಡಿದೆ' ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರಂತೆ. ಕೌಂಟರ್ ಹಿಂದೆ ನಮಗೆ ಆ ಹೆಸರುಗಳು ಗೊತ್ತಿರಲಿಲ್ಲ. ವಾಲ್ಯೂಮ್ ನಾಬ್ ಮಾತ್ರ ಚೆನ್ನಾಗಿ ಗೊತ್ತಿತ್ತು.

ಎರಡನೆಯದು ಹಾಡು. ಡೆಮೊಗೆ ಅಂತಲೇ ಹತ್ತು ಹನ್ನೆರಡು ಹಾಡಿನ ಪಟ್ಟಿ ಕೊಡುತ್ತಿದ್ದರು. ಒಂದೇ ದನಿ, ಎರಡೋ ಮೂರೋ ವಾದ್ಯ, ನಿಧಾನದ ಲಯ, ಹಾಡುವವರ ಉಸಿರು ಕೂಡ ಕೇಳಬೇಕು. ಅಂಥ ಹಾಡು ಯಾವ ಪೆಟ್ಟಿಗೆಯಲ್ಲಿ ಹಾಕಿದರೂ ಚೆನ್ನ. ಗಿರಾಕಿಯ ಫೋನಿನಿಂದ ಹಾಡು ಹಾಕಲು ಬಿಡಬೇಡಿ ಅಂತ ತರಬೇತಿಯಲ್ಲೇ ಹೇಳಿದ್ದರು.

ಒಂದು ದಿನ ಒಬ್ಬರು ವಯಸ್ಸಾದವರು ಬಂದರು. ಪಟ್ಟಿಯ ಹಾಡು ಹಾಕಿದೆ. ಕೈ ಅಡ್ಡ ಮಾಡಿ 'ಬೇಡಪ್ಪ, ಇದು ಹಾಕು' ಅಂತ ಫೋನ್ ಕೊಟ್ಟರು. ಮಗಳು ಮನೆಯಲ್ಲಿ ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದರು, ಹಿಂದೆ ಫ್ಯಾನಿನ ಸದ್ದು ಬೇರೆ. ದುಬಾರಿ ಸ್ಪೀಕರಿನಲ್ಲಿ ಕೇಳಿದರು, ಪಕ್ಕದ ಅಗ್ಗದ್ದರಲ್ಲಿ ಕೇಳಿದರು, ಮತ್ತೆ ದುಬಾರಿಯದರಲ್ಲಿ ಕೇಳಿದರು. ಆಮೇಲೆ ಅಗ್ಗದ್ದನ್ನು ತೋರಿಸಿ, 'ಇದರಲ್ಲಿ ಹಾಡ್ತಿರೋದು ನಮ್ಮ ಹುಡುಗಿ. ಅದರಲ್ಲಿ ಯಾರೋ' ಅಂದರು. ದುಡ್ಡು ಕೊಟ್ಟು ಹೊರಟೇಬಿಟ್ಟರು. ಮ್ಯಾನೇಜರ್ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಕೇಬಲ್ ಬಗ್ಗೆ ಒಂದೇ ಮಾತು. ಸ್ಪೀಕರಿಗಿಂತ ಕೇಬಲಿನಲ್ಲಿ ನಮಗೆ ಕಮಿಷನ್ ಜಾಸ್ತಿ ಸಿಗುತ್ತಿತ್ತು. ಉಳಿದದ್ದು ನಿಮಗೇ ಅರ್ಥವಾಗುತ್ತದೆ.

ಹಳೇ ಕ್ಯಾಸೆಟ್:

ಇದೆಲ್ಲ ಇವತ್ತಿನದಲ್ಲ. 1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರಲ್ಲಿ 'ಟೋನ್ ಟೆಸ್ಟ್' ಅಂತ ಸಂಗೀತ ಕಚೇರಿ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫ್. ದೀಪ ಆರಿಸುತ್ತಿದ್ದರು. ಈಗ ಹಾಡುತ್ತಿರುವುದು ಮನುಷ್ಯರೋ ಯಂತ್ರವೋ ಹೇಳಿ ಅಂತ ಸವಾಲು. ಜನ ತಬ್ಬಿಬ್ಬು! ಅಲ್ಲಿ ಹಾಡುತ್ತಿದ್ದ ಆನಾ ಕೇಸ್ ಎಷ್ಟೋ ವರ್ಷದ ಮೇಲೆ ಗುಟ್ಟು ಬಿಟ್ಟುಕೊಟ್ಟರು: ತಮ್ಮ ದನಿಯನ್ನೇ ಯಂತ್ರದ ದನಿಗೆ ಹೊಂದುವ ಹಾಗೆ ಮಾಡಿಕೊಂಡು ಹಾಡುತ್ತಿದ್ದರಂತೆ. ಯಂತ್ರ ಮನುಷ್ಯರ ಹಾಗೆ ಹಾಡಲಿಲ್ಲ, ಮನುಷ್ಯರೇ ಯಂತ್ರದ ಹಾಗೆ ಹಾಡಿದರು. ಕೌಂಟರ್ ಅಣ್ಣನ ನಾಬಿಗೆ ಇದು ಮುತ್ತಜ್ಜ ಇದ್ದ ಹಾಗೆ.

ಆದರೆ ಎಲ್ಲ ಮಾರ್ಕೆಟಿಂಗೂ ಮೋಸ ಅಂತ ನಾನು ಹೇಳಲ್ಲ. ವಾಕ್‌ಮನ್ ಬಂದಿದ್ದು 1979ರ ಜುಲೈ 1ಕ್ಕೆ. ರೆಕಾರ್ಡ್ ಮಾಡಲು ಬಾರದ ಟೇಪ್ ಯಾರಿಗೆ ಬೇಕು ಅಂತ ಅಂಗಡಿಯವರೇ ಮೂಗು ಮುರಿದಿದ್ದರು. ಸೋನಿಯವರು ಪತ್ರಕರ್ತರನ್ನು ಬಸ್ಸಿನಲ್ಲಿ ಟೋಕಿಯೊದ ಯೊಯೊಗಿ ಪಾರ್ಕಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟರು. ಕಂಪನಿಯ ಹುಡುಗ ಹುಡುಗಿಯರು ಅದನ್ನು ಹಾಕಿಕೊಂಡು ರಸ್ತೆಯಲ್ಲಿ ಓಡಾಡಿದರು, ದಾರಿಹೋಕರ ಕಿವಿಗೂ ಇಟ್ಟರು. ಮೊದಲ ತಿಂಗಳು ಸುಮಾರು 3,000 ಮಾತ್ರ ಹೋಯಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಮೊದಲ 30,000ವೂ ಖಾಲಿ. ಅಲ್ಲಿ ಕಿವಿಗೆ ಇಟ್ಟು ತೋರಿಸಿದ್ದೇ ಜಾಹೀರಾತು. ಅದರಲ್ಲಿ ತಪ್ಪೇನಿದೆ?

ನೀಲಿ ಬೀಟ್ಸ್:

ಎಲ್ಲರೂ ಬಯ್ಯುವ ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರುವುದು ಬೀಟ್ಸ್. ಅದು ದನಿಗಿಂತ ಹೆಚ್ಚಾಗಿ ಮುಖ ನೋಡಿ ಮಾರಿದ ಬ್ರ್ಯಾಂಡ್ ಅಂತ ಗೊತ್ತಿದ್ದೇ ಕೊಂಡೆ. ಹಾಡುಗಾರ ಡಾಕ್ಟರ್ ಡ್ರೇ, ರೆಕಾರ್ಡ್ ಕಂಪನಿಯ ಜಿಮ್ಮಿ ಅಯೋವಿನ್ ಸೇರಿ 2006ರಲ್ಲಿ ಶುರು ಮಾಡಿದ್ದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರು ಪ್ರಾಯೋಜಕರೇ ಅಲ್ಲ. ಆಟಗಾರರಿಗೆ ಅವರವರ ದೇಶದ ಬಣ್ಣದ ಹೆಡ್‌ಫೋನ್ ಸುಮ್ನೆ ಹಂಚಿದರು. ಈಜುಕೊಳದ ಬದಿಯಲ್ಲಿ ಕ್ಯಾಮೆರಾ ಆಟಗಾರರ ಮುಖ ತೋರಿಸಿದಾಗಲೆಲ್ಲ ಪುಕ್ಕಟೆ ಜಾಹೀರಾತು.

ಇದಕ್ಕಿಂತ ಮಜಾ 2014ರದ್ದು. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಜೊತೆ ಇನ್ನೊಂದು ಹೆಡ್‌ಫೋನ್ ಕಂಪನಿ ಬೋಸ್ ಒಪ್ಪಂದ ಮಾಡಿಕೊಂಡಿತ್ತು. ಟಿವಿ ಕ್ಯಾಮೆರಾ ಮುಂದೆ ಬೇರೆ ಬ್ರ್ಯಾಂಡಿನ ಹೆಡ್‌ಫೋನ್ ಹಾಕುವಂತಿರಲಿಲ್ಲ. ಆ ಲೀಗಿನ ಆಟಗಾರ ಕಾಲಿನ್ ಕ್ಯಾಪರ್ನಿಕ್ ಗುಲಾಬಿ ಬಣ್ಣದ ಬೀಟ್ಸ್ ಹಾಕಿಕೊಂಡು ಪತ್ರಕರ್ತರ ಮುಂದೆ ಕೂತರು. 10,000 ಡಾಲರ್ ದಂಡ ಬಿತ್ತು. ದಂಡದ ಸುದ್ದಿಯಿಂದಲೇ ಹೆಸರು ಇನ್ನಷ್ಟು ಹಬ್ಬಿತು. ಅದೇ ವರ್ಷ ಆ್ಯಪಲ್ 300 ಕೋಟಿ ಡಾಲರ್ ಕೊಟ್ಟು ಬೀಟ್ಸನ್ನೇ ಕೊಂಡುಕೊಂಡಿತು. ಐಪಾಡ್ ಜಾಹೀರಾತಿನಲ್ಲಿ ಕಪ್ಪು ನೆರಳು ಕುಣಿಯುವಾಗ ಬಿಳಿ ತಂತಿಯನ್ನೇ ಎದ್ದು ಕಾಣಿಸಿದ ಕಂಪನಿ ಅದು. ಬೀಟ್ಸಿನ ಬೆಲೆ ಅದಕ್ಕಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ನನ್ನ ಮಾತು ಇಷ್ಟೇ. ಬಟ್ಟೆ ಕೊಳ್ಳುವಾಗ ಬಣ್ಣ ನೋಡಿ ಕೊಂಡೆ ಅಂದರೆ ಯಾರೂ ನಗುವುದಿಲ್ಲ. ಕೊರಳಿಗೆ ಹಾಕಿಕೊಳ್ಳುವ ವಸ್ತುವಿಗೆ ಮಾತ್ರ ಯಾಕೆ ನಗಬೇಕು? ಆ ನೀಲಿ ನನಗೆ ಇಷ್ಟ.

ಮಿಕ್ಸಿಂಗ್ ಮೇಜು:

ನೀಲಿಯವರೇ, ಬಣ್ಣ ಇಷ್ಟ ಅಂತ ಕೊಂಡರೆ ಯಾರ ತಕರಾರೂ ಇಲ್ಲ. ಬಣ್ಣ ಇಷ್ಟವಾಗಿದ್ದನ್ನು 'ದನಿ ಚೆನ್ನಾಗಿದೆ' ಅಂದುಕೊಳ್ಳುವುದೇ ತೊಂದರೆ. ಅದು ಎಂಥವರಿಗೂ ಆಗುತ್ತದೆ. 1994ರಲ್ಲಿ ಹರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ತಮ್ಮದೇ ಕಂಪನಿಯ 40 ಜನರನ್ನು ಕೂರಿಸಿ ಸ್ಪೀಕರ್ ಕೇಳಿಸಿದರು. ಒಂದು ಸಲ ಸ್ಪೀಕರ್ ಕಾಣದ ಹಾಗೆ ಪರದೆ, ಇನ್ನೊಂದು ಸಲ ಕಣ್ಣೆದುರಿಗೇ. ಕಣ್ಣಿಗೆ ಕಂಡ ಕೂಡಲೇ ಅಂಕಗಳು ಬದಲಾದವು. ಕೇಳಿ ಪಳಗಿದವರೂ ಇದಕ್ಕೆ ಹೊರತಾಗಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಇಲ್ಲಿ ಕಾಣದ ಹಾಗೆ ಮಾಡಿಯೇ ಪ್ರಮಾಣಿಸಬೇಕು.

ನಾನು ದಿನವಿಡೀ ಹಾಡು ಮಿಕ್ಸ್ ಮಾಡುವವನು. ಡಬ್ಬದ ಮೇಲಿನ ಅಂಕಿಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಸಣ್ಣ ಸ್ಪೀಕರ್ ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ 'ಪಿಎಂಪಿಒ ವ್ಯಾಟ್' (ಒಂದು ಕ್ಷಣಕ್ಕೆ ಸಿಗಬಹುದಾದ ಗರಿಷ್ಠ ಶಕ್ತಿಯಂತೆ) ಅಂತ ಬರೆದಿದ್ದರೆ ತಿರುಗಿಸಿ ಅಡಾಪ್ಟರ್ ಓದಿ. ನನ್ನ ಹತ್ತಿರ ಒಂದಿತ್ತು. ಅಡಾಪ್ಟರಿನ ಮೇಲೆ 12 ವೋಲ್ಟ್, 1.5 ಆಂಪಿಯರ್ ಅಂತಿತ್ತು. ಗುಣಿಸಿದರೆ 18 ವ್ಯಾಟ್. ಒಳಗೆ ಹೋಗುವುದೇ 18 ಆದರೆ ಸಾವಿರ ಎಲ್ಲಿಂದ ಹೊರಗೆ ಬರುತ್ತದೆ? ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ರೀತಿಯೇ ಇಲ್ಲ. ಇಂಥ ಆಟಕ್ಕೆ ಕಡಿವಾಣ ಹಾಕಲೆಂದೇ ಅಮೆರಿಕದಲ್ಲಿ 1974ರಲ್ಲಿ ಆಂಪ್ಲಿಫೈಯರ್ ವ್ಯಾಟಿಗೆ ನಿಯಮ ತಂದರು.

ನಿಮ್ಮ ಚಿನ್ನದ ಬಣ್ಣದ ಚೀಟಿ ಹೈ-ರೆಸ್ ಆಡಿಯೊ (ಸಿಡಿಗಿಂತ ಹೆಚ್ಚು ವಿವರ ಇರುವ ದನಿ) ಲೋಗೋ ಇರಬೇಕು. ಜಪಾನ್ ಆಡಿಯೊ ಸೊಸೈಟಿ ಕೊಡುವುದು. ಹೆಡ್‌ಫೋನಿಗೆ ಅದು ಸಿಗಬೇಕಾದರೆ 40,000 ಹರ್ಟ್ಸ್ ವರೆಗೆ ಸದ್ದು ಹೊರಡಿಸಬೇಕು. ಮನುಷ್ಯರ ಕಿವಿ 20,000ಕ್ಕೆ ನಿಲ್ಲುತ್ತದೆ, ವಯಸ್ಸಾದ ಹಾಗೆ ಅದೂ ಇಳಿಯುತ್ತದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವವರು ಹೈ-ರೆಸ್ ಡಿಸ್ಕ್ ಹಾಕಿ, ಮಧ್ಯೆ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದರು. ಯಾವುದು ಯಾವುದು ಅಂತ 554 ಸಲ ಕೇಳಿದ್ದಕ್ಕೆ 276 ಸಲ ಸರಿ ಉತ್ತರ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

'50 ಡೆಸಿಬಲ್ ವರೆಗೆ ಗದ್ದಲ ಕಡಿತ' ಅಂತಿದ್ದರೆ 'ವರೆಗೆ' ಅನ್ನುವ ಪದದ ಮೇಲೆ ಬೆರಳಿಡಿ. ವಿಮಾನದ ಗುಂಯ್ ಅನ್ನುವ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಮಾತಾಡುವವರ ದನಿಗೆ ಅಷ್ಟಿಲ್ಲ. ಬ್ಯಾಟರಿ ಗಂಟೆಗಳೂ ಹಾಗೇ, ಕೆಳಗಿನ ಸಣ್ಣಕ್ಷರದಲ್ಲಿ ಅರ್ಧ ವಾಲ್ಯೂಮ್, ಗದ್ದಲ ಕಡಿತ ಆಫ್ ಅಂತ ಇರುತ್ತದೆ.

ರಿವ್ಯೂ ಬಿಟ್ಟವಳು:

ವಿಡಿಯೊ ನೋಡಿ ಕೊಂಡೆ ಅಂದಿರಲ್ಲ, ನಾನು ಅಂಥ ವಿಡಿಯೊ ಮಾಡುತ್ತಿದ್ದೆ. ಎರಡು ವರ್ಷ ಮಾಡಿ ಬಿಟ್ಟೆ. ಹೊಗಳಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಿಡುಗಡೆಗೆ ಒಂದು ವಾರ ಮೊದಲು ಪುಕ್ಕಟೆ ಡಬ್ಬ ಬರುತ್ತಿತ್ತು, ಜೊತೆಗೆ 'ಇವನ್ನು ಗಮನಿಸಿ' ಅಂತ ಒಂದು ಹಾಳೆ. ಒಂದು ಸಲ 'ಬೇಸ್ ಊದಿಕೊಂಡಿದೆ' ಅಂತ ಹೇಳಿದೆ. ಮುಂದಿನ ಡಬ್ಬ ಬರಲಿಲ್ಲ, ಅಷ್ಟೇ. ಜಗಳವಿಲ್ಲ, ಕಾಗದವಿಲ್ಲ. ಡಬ್ಬ ಬೇಗ ಬಾರದಿದ್ದರೆ ವಿಡಿಯೊ ತಡ, ತಡವಾದರೆ ನೋಡುವವರಿಲ್ಲ. ಅದರ ಮೇಲೆ ಕೆಳಗಿನ ಲಿಂಕ್ ಒತ್ತಿ ಕೊಂಡರೆ ನನಗೆ ಪಾಲು. ಈಗ ನೀವೇ ಹೇಳಿ, ಬೇಡ ಅನ್ನಲು ಎಷ್ಟು ಮನಸ್ಸು ಬರುತ್ತದೆ?

ಇನ್ನೊಂದು ಮಾತು. 'ನೂರು ಗಂಟೆ ಓಡಿಸಿ, ಆಮೇಲೆ ದನಿ ಬಿಚ್ಚಿಕೊಳ್ಳುತ್ತದೆ' ಅಂತ ಯಾರಾದರೂ ಹೇಳಿದರೆ ಮೊದಲು ವಾಪಸ್ ಕೊಡಲು ಎಷ್ಟು ದಿನ ಇದೆ ನೋಡಿ. ನೂರು ಗಂಟೆಯಲ್ಲಿ ಹೆಚ್ಚಾಗಿ ಪಳಗುವುದು ನಿಮ್ಮ ಕಿವಿ.

ಮೂರು ಹೆಡ್‌ಫೋನಿನ ಒಡೆಯ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ತಮ್ಮನನ್ನು ಹಿಡಿದು ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ, ಮೂರರಲ್ಲೂ ಒಂದೇ ಸಮನಾದ ಗುಸ್ಸ್ ಅನ್ನುವ ಸದ್ದು ಬಿಟ್ಟು, ಮೈಕಿಗೆ ಕಿವಿಬಟ್ಟಲು ಒತ್ತಿ ಹಿಡಿದು ವಾಲ್ಯೂಮ್ ಸರಿದೂಗಿಸಿದೆವು. ಅಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ನಾನು ಕಣ್ಣು ಮುಚ್ಚಿಕೊಂಡೆ, ಅವನು ಬದಲಿಸಿ ಬದಲಿಸಿ ಹಾಕಿದ. ಪರೀಕ್ಷೆ ಅಷ್ಟೇನೂ ಸರಿಯಾಗಲಿಲ್ಲ. ಮೂರನೆಯದು ಭಾರ, ತಲೆಗೆ ಕೂತ ಕೂಡಲೇ ಗೊತ್ತಾಗುತ್ತಿತ್ತು. ಮಿಕ್ಕ ಎರಡರಲ್ಲಿ ಹತ್ತು ಸಲಕ್ಕೆ ಆರು ಸಲ ಸರಿ ಹೇಳಿದೆ. ಚಿನ್ನದ ಚೀಟಿಯದು ಅಂತ ನಾನು ಹೊಗಳಿದ್ದರಲ್ಲಿ ಎರಡು ಸಲ ಅದು ಆಟಗಾರನ ಕೊರಳಿನದಾಗಿತ್ತು. ತಮ್ಮ ಇನ್ನೂ ನಗುತ್ತಿದ್ದಾನೆ.

ಗೊತ್ತಾಗಿದ್ದು ಒಂದೇ. ಭಾರದ್ದನ್ನು ಕನ್ನಡಕದ ಮೇಲೆ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಕಿವಿ ನೋಯುತ್ತದೆ. ಇದನ್ನು ಯಾವ ವಿಡಿಯೊದಲ್ಲೂ ಯಾರೂ ಹೇಳಿರಲಿಲ್ಲ. ಅದನ್ನು ತಮ್ಮನಿಗೆ ಕೊಟ್ಟೆ. ಮೊದಲನೆಯದರ ಕಿವಿಪ್ಯಾಡ್ ಸಿಪ್ಪೆ ಏಳುತ್ತಿದೆ, ಬದಲಿಸಿದರೆ ಇನ್ನೆರಡು ವರ್ಷ ಬರುತ್ತದೆ. ಪ್ಯಾಡ್ ಎಲ್ಲಿ ಸಿಗುತ್ತದೆ ಅಂತ ಒಂದೇ ಸಲ ಹುಡುಕಿದೆ. ಈಗ ಹೋದಲ್ಲೆಲ್ಲ ಪ್ಯಾಡಿನ ಜಾಹೀರಾತು.

ಕೌಂಟರ್ ಹಿಂದಿದ್ದವ:

'ದನಿ ಬಿಚ್ಚಿಸುವ ಪ್ಯಾಡ್' ಅಂತ ಬರೆದಿದ್ದರೆ ಮುಟ್ಟಬೇಡಿ. ಅಳತೆ ಮಾತ್ರ ನೋಡಿ ಕೊಳ್ಳಿ.