ಅಮ್ಮನ ಮನೆಯಿಂದ ತಂದ ಆಂಥೂರಿಯಂ ಹಾಸನದಲ್ಲಿ ಹಳದಿಯಾಗುತ್ತಿದೆ

ಎರಡನೇ ಮಹಡಿ:
ನನ್ನ ತವರು ಮೂಡಿಗೆರೆ ಹತ್ತಿರ. ಅಲ್ಲಿ ಜಗುಲಿ ಪಕ್ಕ ಹಳೇ ಬಕೆಟಿನಲ್ಲಿ ಒಂದು ಕೆಂಪು ಆಂಥೂರಿಯಂ ಇದೆ. ಅಮ್ಮ ಅದನ್ನು 'ಪ್ಲಾಸ್ಟಿಕ್ ಹೂವಿನ ಗಿಡ' ಅಂತಾರೆ, ದೇವರಿಗೂ ಏರಿಸಲ್ಲ. ಯಾರೂ ಅದಕ್ಕೆ ಆರೈಕೆ ಮಾಡಿದ್ದು ನಾನು ನೋಡಿಲ್ಲ. ಆದರೂ ಯಾವಾಗ ಹೋದರೂ ಹೂ ಇರುತ್ತದೆ. ಯುಗಾದಿಗೆ ಹೋದಾಗ ಪಕ್ಕದಲ್ಲಿ ಬಂದಿದ್ದ ಒಂದು ಮರಿ ಕಿತ್ತು ತಂದೆ.

ನಾವಿರುವುದು ಹಾಸನದ ವಿದ್ಯಾನಗರದಲ್ಲಿ, ಬಾಡಿಗೆ ಮನೆ. ತವರಿನಿಂದ ಬಂದ ಗಿಡಕ್ಕೆ ಮರ್ಯಾದೆ ಮಾಡಬೇಕಲ್ವಾ? ಬಿಳಿ ಪಿಂಗಾಣಿ ಕುಂಡ ತಂದೆ. ಕೆಂಪು ಮಣ್ಣು, ಸಗಣಿ ಗೊಬ್ಬರ ಹಾಕಿ ಗಟ್ಟಿಯಾಗಿ ಅದುಮಿ ನೆಟ್ಟೆ. ಟಿವಿ ಪಕ್ಕ ಇಟ್ಟೆ. ದಿನಾ ಬೆಳಗ್ಗೆ ಒಂದು ಲೋಟ ಬೋರ್‌ವೆಲ್ ನೀರು.

ಎರಡು ತಿಂಗಳಾಯಿತು. ನಾಲ್ಕು ಎಲೆ ಒಟ್ಟಿಗೆ ಹಳದಿಯಾಗಿವೆ. ಉಳಿದವುಗಳ ತುದಿ ಸೀದ ದೋಸೆಯ ಅಂಚಿನ ಹಾಗೆ. ಒಂದು ಮೊಗ್ಗು ಬಂದು ಹಸಿರಿದ್ದಾಗಲೇ ಮುದುಡಿತು. ನೀರು ಸಾಲಲಿಲ್ಲವೇನೋ ಅಂತ ಸಂಜೆಯೂ ಹಾಕತೊಡಗಿದೆ. ಇನ್ನೂ ಜಾಸ್ತಿಯಾಯಿತು. ನಮ್ಮನೆಯವರು ಅಡಿಕೆ ತೋಟದವರು, 'ಒಂದು ಸಲ ಬೋರ್ಡೋ ಹೊಡೆದರೆ ಸರಿಹೋಗುತ್ತೆ' ಅಂತಾರೆ. ಹೊಡೆಯಲಾ?

ಸಕಲೇಶಪುರದ ಮಳೆ:
ತಡೆಯಮ್ಮ, ಏನೂ ಹೊಡೆಯಬೇಡ. ಕುಂಡದ ತಳದಲ್ಲಿ ತೂತಿದೆಯಾ?

ಎರಡನೇ ಮಹಡಿ:
ಇಲ್ಲ ಅಣ್ಣ. ನೆಲ ಗಲೀಜಾಗುತ್ತದೆ ಅಂತ ತೂತಿಲ್ಲದ್ದನ್ನೇ ಹುಡುಕಿ ತಂದೆ.

ಸಕಲೇಶಪುರದ ಮಳೆ:
ಅಲ್ಲೇ ಇದೆ ನೋಡು ಕಾಯಿಲೆ. ಮೂಡಿಗೆರೆ ಹುಡುಗಿ ನೀನು, ಮರಗೆಸು ನೋಡಿರುತ್ತೀಯ. ಮಳೆ ಹಿಡಿದ ಮೇಲೆ ಮರದ ಕವಲಲ್ಲಿ, ಪಾಚಿ ಕಟ್ಟಿದ ಕಡೆ ಚಿಗುರುತ್ತದಲ್ಲ, ಪತ್ರೊಡೆಗೆ ಕೊಯ್ಯುತ್ತೇವಲ್ಲ, ಅದೇ. ಅದಕ್ಕೆ ಅಲ್ಲಿ ಯಾರು ಮಣ್ಣು ಹಾಕಿದರು? ಆಂಥೂರಿಯಂ ಕೂಡ ಕೆಸುವಿನ ಬಳಗದ್ದೇ. ಊರು ಮಾತ್ರ ದೂರ, ಕೊಲಂಬಿಯಾ, ಈಕ್ವೆಡಾರ್ ಕಡೆಯ ಮಳೆಕಾಡು. 1876ರಲ್ಲಿ ಎದ್ವಾರ್ ಆಂದ್ರೆ ಅನ್ನುವ ಫ್ರೆಂಚರವನು ಕೊಲಂಬಿಯಾದಲ್ಲಿ ಇದನ್ನು ಕಂಡ. ಇದರ ವೈಜ್ಞಾನಿಕ ಹೆಸರಿಗೆ 'ಆಂಡ್ರಿಯಾನಂ' ಅಂತ ಬಾಲ ಇದೆಯಲ್ಲ, ಅದು ಅವನದೇ. ಅಲ್ಲೂ ಇದು ಮರದ ಮೇಲೆ, ತರಗೆಲೆ ಮೇಲೆ ಬೇರು ಬಿಟ್ಟು ಬೆಳೆಯುವ ಗಿಡ. ಬೇರಿಗೆ ನೀರು ತಾಗಬೇಕು, ಹಾಗೇ ಹರಿದು ಹೋಗಬೇಕು, ಆಮೇಲೆ ಗಾಳಿ ಬೇಕು. ನೀನು ಅದನ್ನು ಬಾವಿಗೆ ಇಳಿಸಿದ್ದೀಯ.

ಹಳೇ ಎಲೆ ಒಂದೊಂದಾಗಿ ಹಣ್ಣಾದರೆ ಚಿಂತೆ ಇಲ್ಲ. ನಾಲ್ಕು ಒಟ್ಟಿಗೆ ಅಂದರೆ ಬೇರು ಕೊಳೆತಿದೆ. ಗಿಡ ಕಿತ್ತು ಬೇರು ತೊಳೆ. ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವ ಇದೆ. ಕಂದಾಗಿ, ಹಿಡಿದರೆ ಮೆತ್ತಗಾಗುವುದನ್ನೆಲ್ಲ ಕತ್ತರಿಸು. ತೂತಿರುವ ಚಿಕ್ಕ ಮಣ್ಣಿನ ಕುಂಡ ಸಾಕು. ಬೆರಳ ಗಾತ್ರದ ತೆಂಗಿನ ಮಟ್ಟೆ ಚೂರು, ಇದ್ದಿಲು, ಒಂದಿಷ್ಟು ಇಟ್ಟಿಗೆ ಚೂರು. ಅರಸೀಕೆರೆ ಇರುವ ಜಿಲ್ಲೆಯಲ್ಲಿ ಮಟ್ಟೆಗೆ ಬರವಾ! ಎರಡು ದಿನ ನೆನೆಸಿ, ನೀರು ಬದಲಿಸಿ, ಹಿಂಡಿ ಹಾಕು. ಮಟ್ಟೆಯಲ್ಲಿ ಉಪ್ಪಿನಂಶ ಇರುತ್ತದೆ.

ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ. ಅಡಿಕೆ ಕೊಳೆಗೆ ಸರಿ. ಆಂಥೂರಿಯಂ ತಾಮ್ರ ತಡೆಯುವುದಿಲ್ಲ, ಎಲೆ ಸುಟ್ಟುಹೋಗುತ್ತದೆ. ಯಜಮಾನರಿಗೆ ಕಾಫಿ ಕೊಟ್ಟು ಕೂರಿಸು.

ಪೂರ್ವದ ಕಿಟಕಿ:
ನಾನೂ ಹಾಸನದವನೇ. ತುದಿ ಸುಟ್ಟಿದ್ದರಲ್ಲಿ ನೀರಿನ ಪಾಲೂ ಇರಬಹುದು ಮೇಡಂ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ? ಆ ಉಪ್ಪು ಕುಂಡದಲ್ಲೂ ಸೇರುತ್ತಾ ಹೋಗುತ್ತದೆ. ಹೇಗೂ ಮಳೆ ಶುರುವಾಗಿದೆ, ಟೆರೇಸಿನಲ್ಲಿ ಒಂದು ಬಿಂದಿಗೆ ಇಟ್ಟು ಹಿಡಿಯಿರಿ.

ಟಿವಿ ಪಕ್ಕದಿಂದ ಎತ್ತಿಬಿಡಿ. ಹೂ ಬರುವುದು ಎಲೆಯ ಬುಡದಿಂದ. ಬೆಳಕಿಲ್ಲದಿದ್ದರೆ ಹೊಸ ಎಲೆ ಇಲ್ಲ, ಎಲೆ ಇಲ್ಲದಿದ್ದರೆ ಹೂ ಎಲ್ಲಿಂದ? ನನ್ನದು ಪೂರ್ವದ ಕಿಟಕಿಯಲ್ಲಿ ತೆಳು ಪರದೆ ಹಿಂದೆ ಇದೆ. ಮಧ್ಯಾಹ್ನದ ನೇರ ಬಿಸಿಲು ಬೇಡ. ಅಂದಹಾಗೆ ಆ ಕೆಂಪು ಭಾಗ ಹೂವಲ್ಲ, ಅದೂ ಒಂದು ಎಲೆಯೇ. ನಡುವಿನ ಕಡ್ಡಿಯಲ್ಲಿ ಮುಳ್ಳುಮುಳ್ಳಾಗಿ ಕಾಣುವುದೇ ಹೂಗಳು. ಅದಕ್ಕೇ ವಾರಗಟ್ಟಲೆ ಬಾಡುವುದಿಲ್ಲ.

ಮಕ್ಕಳಿದ್ದರೆ ಎತ್ತರದಲ್ಲಿಡಿ. ಕೆಸುವಿನ ತುರಿಕೆ ಇದಕ್ಕೂ ಇದೆ. ಬೇರು ಕತ್ತರಿಸಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡು ನಾನು ಒಂದು ಭಾನುವಾರ ಪೂರ್ತಿ ಅನುಭವಿಸಿದ್ದೇನೆ.

ಫಿಲ್ಟರ್ ಕಾಫಿ:
ನಾನು ವಾರಕ್ಕೊಮ್ಮೆ ಕಾಫಿ ಚರಟ ಹಾಕುತ್ತೇನೆ. ಸುಮ್ನೆ ಎಸೆಯುವುದು ಯಾಕೆ?

ಸಕಲೇಶಪುರದ ಮಳೆ:
ಹಸಿ ಚರಟ ಮೇಲೆ ಹೆಪ್ಪುಗಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ, ಸಣ್ಣ ನೊಣ ಬರುತ್ತದೆ. ಗೊಬ್ಬರದ ಗುಂಡಿಗೆ ಹಾಕಿ ಕೊಳೆಸಿ ಆಮೇಲೆ ಕೊಡಿ. ನಾನೂ ಕಾಫಿ ಬೆಳೆಗಾರನೇ, ಅಭಿಮಾನ ನನಗೂ ಇದೆ.

ಎರಡನೇ ಮಹಡಿ:
ಐದು ವಾರ ಆಯಿತು, ಹೇಳಿಬಿಡುತ್ತೇನೆ. ಕಿತ್ತಾಗ ಕೆಸರುಗದ್ದೆ ವಾಸನೆ ಬಂತು. ಬೇರು ಹಿಡಿದು ಎಳೆದರೆ ನೆನೆಸಿದ ಅವರೆಕಾಳು ಚಿಲುಕಿಸಿದ ಹಾಗೆ ಸಿಪ್ಪೆ ಜಾರಿ ಬಂತು, ಒಳಗೆ ಒಂದು ದಾರ ಮಾತ್ರ ಉಳಿಯಿತು. ಕೊನೆಗೆ ಸಿಕ್ಕಿದ್ದು ನಾಲ್ಕೇ ಒಳ್ಳೇ ಬೇರು. ಮಟ್ಟೆ, ಇದ್ದಿಲಿನಲ್ಲಿ ಕೂರಿಸಿ ಪೂರ್ವದ ಕಿಟಕಿಗೆ ಇಟ್ಟೆ. ಬೆರಳು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ಮಳೆನೀರು. ಇನ್ನೆರಡು ಎಲೆ ಹೋದವು. ಮೊನ್ನೆ ನಡುವಿನಿಂದ ಕಂದುಗೆಂಪು ಸುರುಳಿ ಒಂದು ತಲೆ ಎತ್ತಿದೆ.

ಧೈರ್ಯ ಮಾಡಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. 'ಬಕೆಟ್ ತಳ ಒಡೆದು ನೀರು ನಿಲ್ಲಲಿಲ್ಲ ಅಂತ ತಾನೇ ಅದನ್ನ ಗಿಡಕ್ಕೆ ಕೊಟ್ಟಿದ್ದು' ಅಂದರು. ಒಳಗೆ ತುಂಬಿದ್ದು ಮಟ್ಟೆ ಚೂರೇ ಅಂತೆ, ಬಚ್ಚಲ ಒಲೆಯ ಇದ್ದಿಲೂ ಇತ್ತಂತೆ. ಪಿಂಗಾಣಿ ಕುಂಡದಲ್ಲಿ ಈಗ ಸೌಟು ಇಟ್ಟಿದ್ದೇನೆ.